ಟೇಸರ್ 7: ಕಾರು ತಡೆದಾಗ ಪಿಸ್ತೂಲಿಗೆ ಬದಲಿಯಾದೀತೇ?

ಅಮೆರಿಕದ ಪೊಲೀಸರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಈ ಹಳದಿ ಶಾಕ್ ಯಂತ್ರದಲ್ಲಿ ಎರಡು ಕಾರ್ಟ್ರಿಜ್ (ಮುಳ್ಳು ತುಂಬಿದ ಡಬ್ಬಿ). ಟ್ರಿಗರ್ ಒತ್ತಿದರೆ ತಂತಿಯ ತುದಿಯ ಎರಡು ಮುಳ್ಳು ಹಾರಿ ಮೈಗೆ ನಾಟುತ್ತವೆ. 5 ಸೆಕೆಂಡು ಕರೆಂಟು ಹರಿದು ಸ್ನಾಯು ಸೆಟೆದುಕೊಳ್ಳುತ್ತದೆ. ಮುಳ್ಳುಗಳ ನಡುವೆ ಸುಮಾರು 30 ಸೆಂ.ಮೀ. ಅಂತರ ಬೇಕು. ಕಾರಿನ ಕಿಟಕಿಯಿಂದ ಹೊಡೆದರೆ ಅಷ್ಟು ಹರಡುವುದು ಕಷ್ಟ. ದಪ್ಪ ಜಾಕೆಟ್ಟಿನಲ್ಲಿ ಒಂದು ಮುಳ್ಳು ಸಿಕ್ಕಿಕೊಂಡರೆ ಸರ್ಕ್ಯೂಟೇ ಪೂರ್ತಿಯಾಗದು. ಕಾರು ಗೇರ್‌ನಲ್ಲಿದ್ದರಂತೂ ಬೇಡವೇ ಬೇಡ, ಸೆಟೆದ ಕಾಲು ಆಕ್ಸಿಲರೇಟರ್ ಮೇಲಿರಬಹುದು.

ದೊಡ್ಡ ದೋಷ ಇರುವುದು ಆಕಾರದಲ್ಲಿ: ಹಿಡಿ, ಟ್ರಿಗರ್ ಎರಡೂ ಪಿಸ್ತೂಲಿನದೇ. 2021ರ ಏಪ್ರಿಲ್ 11ರಂದು ಮಿನ್ನೆಸೋಟದ ಬ್ರೂಕ್ಲಿನ್ ಸೆಂಟರ್‌ನಲ್ಲಿ ಕಾರು ತಡೆದಾಗ ಪೊಲೀಸ್ ಅಧಿಕಾರಿಯೊಬ್ಬರು ‘ಟೇಸರ್’ ಎಂದು ಕೂಗುತ್ತಲೇ ಗ್ಲಾಕ್ ಪಿಸ್ತೂಲಿನಿಂದ 20 ವರ್ಷದ ಡಾಂಟೆ ರೈಟ್ ಎದೆಗೆ ಗುಂಡು ಹೊಡೆದರು. ಗ್ಲಾಕ್ ಬಲಗಡೆ, ಟೇಸರ್ ಎಡಗಡೆ. ಟೇಸರ್ ತೂಕ ಗ್ಲಾಕ್‌ನ ಅರ್ಧಕ್ಕಿಂತ ಕಡಿಮೆ. ಆದರೂ ಗೊತ್ತಾಗಲಿಲ್ಲವಂತೆ! ಜೂರಿ ನರಹತ್ಯೆ ಎಂದಿತು, ಸರಿಯಾಗಿಯೇ.

ಕೊಳ್ಳುವ ಇಲಾಖೆ ಎಡಗೈಯಲ್ಲೇ ಎಳೆಯುವ ಹೋಲ್‌ಸ್ಟರ್ (ಸೊಂಟದ ಚೀಲ) ಕೊಡಿಸಿ, ಒತ್ತಡದ ನಡುವೆಯೇ ಅಭ್ಯಾಸ ಮಾಡಿಸಲಿ. ಅಪಾಯವೊಡ್ಡದವನು ಓಡಿದ ಮಾತ್ರಕ್ಕೆ ಗುಂಡು ಹಾರಿಸುವಂತಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ನಂಬರ್ ಪ್ಲೇಟ್ ಕಣ್ಣೆದುರಿದ್ದರೆ ಆಮೇಲೂ ಹುಡುಕಿ ಹಿಡಿಯಬಹುದು; ಆಗ ಟೇಸರ್, ಪಿಸ್ತೂಲು ಎರಡನ್ನೂ ಎಳೆಯದೆ ಬಿಡುವುದೇ ಮೇಲು.