ಗೋಚರ ವಿಶ್ವದ ಒಂದು ಹೋಳು: ಜಾನ್ಸ್ ಹಾಪ್ಕಿನ್ಸ್ ನಕ್ಷೆಯ ವಿಮರ್ಶೆ

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಬ್ರೀಸ್ ಮೆನಾರ್ ಮತ್ತು ನಿಕಿತಾ ಶ್ಟಾರ್ಕ್‌ಮನ್ 2022ರ ನವೆಂಬರ್‌ನಲ್ಲಿ ಹೊರತಂದ ಗೋಚರ ವಿಶ್ವದ ನಕ್ಷೆಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಶುಲ್ಕವಿಲ್ಲದೆ ನೋಡಬಹುದು. ತಳದ ತುದಿಯಲ್ಲಿ ನಮ್ಮ ಆಕಾಶಗಂಗೆ. ಅಲ್ಲಿಂದ ಬೀಸಣಿಗೆಯಂತೆ ಮೇಲಕ್ಕೆ ಹರಡುವ ಸುಮಾರು 2,00,000 ಚುಕ್ಕೆಗಳಲ್ಲಿ ಒಂದೊಂದೂ ಒಂದು ಗೆಲಾಕ್ಸಿ. ಇಡೀ ಗೋಳವನ್ನು ತೋರಿಸದೆ ಸುಮಾರು 10 ಡಿಗ್ರಿ ದಪ್ಪದ ಹೋಳನ್ನಷ್ಟೇ ಕೊಟ್ಟಿರುವುದು ಜಾಣತನ, ಏಕೆಂದರೆ ಎಲ್ಲವನ್ನೂ ತುಂಬಿದ್ದರೆ ಗೆಲಾಕ್ಸಿಗಳು ಬಲೆಯಂತೆ ಹೆಣೆದುಕೊಂಡಿರುವುದು ಕಣ್ಣಿಗೆ ಬೀಳುತ್ತಿರಲಿಲ್ಲ.

ಇಲ್ಲಿ ಚಿತ್ರಕಾರನ ಕಲ್ಪನೆಗೆ ಜಾಗವಿಲ್ಲ. ಮಾಹಿತಿ ಸ್ಲೋನ್ ಆಕಾಶ ಸಮೀಕ್ಷೆಯದು. ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟ್‌ನಲ್ಲಿರುವ 2.5 ಮೀಟರ್ ದೂರದರ್ಶಕಕ್ಕಾಗಿ ಅಲ್ಯೂಮಿನಿಯಂ ತಟ್ಟೆಗಳಲ್ಲಿ ಗೆಲಾಕ್ಸಿಗಳ ಸ್ಥಾನಕ್ಕೆ ಸರಿಯಾಗಿ ರಂಧ್ರ ಕೊರೆದು, ಪ್ರತಿ ರಂಧ್ರಕ್ಕೂ ಕೈಯಿಂದಲೇ ಗಾಜಿನ ಎಳೆ ಸಿಕ್ಕಿಸಿ, ಬಂದ ಬೆಳಕಿನ ರೋಹಿತದಲ್ಲಿನ (ಬಣ್ಣಗಳ ಪಟ್ಟಿಯಲ್ಲಿನ) ಕೆಂಪು ಪಲ್ಲಟವನ್ನು, ಅಂದರೆ ವಿಶ್ವ ಹಿಗ್ಗುವುದರಿಂದ ಬೆಳಕು ಕೆಂಪಿನತ್ತ ಎಷ್ಟು ಸರಿದಿದೆ ಎಂಬುದನ್ನು ಅಳೆದು ದೂರ ಕಂಡುಹಿಡಿದ ವರ್ಷಗಳ ದುಡಿಮೆ ಈ ಚುಕ್ಕೆಗಳ ಹಿಂದಿದೆ. ದೊಡ್ಡ ಪರದೆಯಲ್ಲಿ ನಿಧಾನವಾಗಿ ಮೇಲೇರಿದರೆ ಹತ್ತಿರದ ತಿಳಿನೀಲಿ ಸುರುಳಿ ಗೆಲಾಕ್ಸಿಗಳು, ಹಳದಿಯ ದೀರ್ಘವೃತ್ತಾಕಾರದವು, ಅನಂತರ ಕೆಂಪಾದವು, ಅವುಗಳಾಚೆ ನೀಲಿ ಕ್ವೇಸಾರ್‌ಗಳು (ನಡುವಿನ ದೈತ್ಯ ಕಪ್ಪುಕುಳಿಯತ್ತ ಬೀಳುವ ಅನಿಲದಿಂದಾಗಿ ಅತಿ ಪ್ರಖರವಾಗಿ ಬೆಳಗುವ ಗೆಲಾಕ್ಸಿ ಕೇಂದ್ರಗಳು) ಎದುರಾಗುತ್ತವೆ.

ನನ್ನ ತಕರಾರು ಇರುವುದು ಮೇಲಂಚಿನಲ್ಲಿ. ಅಲ್ಲಿ 1,370 ಕೋಟಿ ವರ್ಷಗಳ ಹಿಂದಿನ ಆದಿ ಬೆಳಕನ್ನು ತೋರಿಸಿ, ಇದರಾಚೆ ನೋಡಲಾಗದು ಎಂಬರ್ಥದ ವಿವರಣೆ ನೀಡಲಾಗಿದೆ. ಬೆಳಕಿನ ಮಟ್ಟಿಗೆ ಇದು ನಿಜ: ಮಹಾಸ್ಫೋಟದ ನಂತರ ಸುಮಾರು 3,80,000 ವರ್ಷಗಳವರೆಗೆ ವಿಶ್ವವು ಬೆಳಕು ತೂರಲಾಗದ ಮಂಜಿನಂತಿತ್ತು. ಆದರೆ ಭೌತವಿಜ್ಞಾನದಲ್ಲಿ ಗೋಚರ ವಿಶ್ವವೆಂದರೆ ದೂರದರ್ಶಕಕ್ಕೆ ಸಿಕ್ಕಿದ್ದು ಮಾತ್ರವಲ್ಲ. ವಿಶ್ವದ ಆರಂಭದಿಂದ ಈವರೆಗೆ ಯಾವುದೇ ಬಗೆಯ ಸಂಕೇತ ನಮ್ಮನ್ನು ತಲುಪಲು ಸಾಧ್ಯವಿದ್ದ ಅಷ್ಟೂ ಪ್ರದೇಶ. ಆ ಮಂಜನ್ನು ದಾಟಿ ಬರಬಲ್ಲ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳೂ ದೇಶಕಾಲದ ಕಂಪನಗಳಾದ ಗುರುತ್ವ ಅಲೆಗಳೂ ಈ ಲೆಕ್ಕಕ್ಕೆ ಸೇರುತ್ತವೆ; ಯಾವ ಉಪಕರಣಕ್ಕೂ ನಿಲುಕದಷ್ಟು ಮಸುಕಾದ ಗೆಲಾಕ್ಸಿಯೂ ಸೇರುತ್ತದೆ. ನಮ್ಮ ‘ಗೋಚರ’ ಎಂಬ ಪದದ ಮೂಲಾರ್ಥ ಹಸು ಮೇಯುತ್ತ ತಿರುಗಾಡುವ ಎಲ್ಲೆ ಎಂದಿದ್ದು, ‘ಕಾಣುವುದು’ ಎಂಬ ಇಂದಿನ ಬಳಕೆಗಿಂತ ಈ ಹಳೆಯ ಅರ್ಥವೇ ಇಲ್ಲಿ ಹೆಚ್ಚು ಹೊಂದುತ್ತದೆ.

ಇನ್ನೊಂದು ಗೊಂದಲ ದೂರದ್ದು. ನಕ್ಷೆಯ ಅಳತೆಗೋಲು ಬೆಳಕು ಹೊರಟ ಕಾಲದ್ದು. ಆ ಬೆಳಕು ದಾರಿಯಲ್ಲಿದ್ದಾಗ ವಿಶ್ವ ಹಿಗ್ಗಿದ್ದರಿಂದ, ಗೋಚರ ವಿಶ್ವದ ಅಂಚು ಈಗ ಎಲ್ಲ ದಿಕ್ಕಿನಲ್ಲೂ ಸುಮಾರು 4,600 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ವಿಸ್ತರಣೆಯ ವೇಗ ಹೆಚ್ಚುತ್ತಲೇ ಇರುವುದರಿಂದ, ಈಗ ಸುಮಾರು 1,700 ಕೋಟಿ ಜ್ಯೋತಿರ್ವರ್ಷಗಳಿಗಿಂತ ಆಚೆಗಿರುವ ಗೆಲಾಕ್ಸಿಯಿಂದ ಇಂದು ಹೊರಡುವ ಬೆಳಕು ಎಂದಿಗೂ ಇಲ್ಲಿಗೆ ಮುಟ್ಟದು. ನಕ್ಷೆಯ ಅತಿ ಮೇಲಿನ ಕ್ವೇಸಾರ್‌ಗಳು ಈ ಗುಂಪಿಗೆ ಸೇರಿದವು: ಅವುಗಳ ಹಳೆಯ ಬೆಳಕು ನಮ್ಮ ಕೈಸೇರಿದೆ, ಇಂದಿನದು ಸೇರುವುದಿಲ್ಲ. ಇಷ್ಟು ಸ್ವಾರಸ್ಯದ ಸಂಗತಿಗೆ ಅಲ್ಲೊಂದು ಸಾಲು ಮೀಸಲಿಟ್ಟಿದ್ದರೆ ಚೆನ್ನಾಗಿತ್ತು.

ಹಾಗಿದ್ದೂ ಪ್ರೌಢಶಾಲೆಯ ಗೋಡೆಗೆ ಇದಕ್ಕಿಂತ ಒಳ್ಳೆಯ ಖಗೋಳ ಚಿತ್ರವನ್ನು ನಾನು ಸೂಚಿಸಲಾರೆ. ವಿವರಣೆ ಇಂಗ್ಲಿಷಿನಲ್ಲಿರುವುದರಿಂದ ಕನ್ನಡದಲ್ಲಿ ಹೇಳಿಕೊಡುವ ಶಿಕ್ಷಕರೊಬ್ಬರು ಜೊತೆಗಿರಬೇಕು. ಮುದ್ರಿಸಿ ಅಂಟಿಸುವವರು ಮೇಲಂಚಿನ ಪಕ್ಕದಲ್ಲಿ ಒಂದು ಚೀಟಿಯಲ್ಲಿ 4,600 ಕೋಟಿ ಎಂದು ಬರೆದಿಟ್ಟರೆ, ಮಕ್ಕಳ ಮೊದಲ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.