ಹಳೆ ಕಂಪ್ಯೂಟರ್‌ನ ಕನ್ನಡ ಫೈಲ್ ‘ಕರಪ್ಟ್’ ಆಗಿದೆ ಅಂದರೆ ನಂಬಬೇಡಿ

ಮನೆಯಲ್ಲಿ ವಿಂಡೋಸ್ ಎಕ್ಸ್‌ಪಿಯದ್ದೋ ಸೆವೆನ್‌ನದ್ದೋ ಹಳೆ ಕಂಪ್ಯೂಟರ್ ಇದ್ದು, ಅದರಲ್ಲಿ ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಹಾಕಿಕೊಂಡು ಟೈಪ್ ಮಾಡಿದ ಕನ್ನಡ ಫೈಲ್‌ಗಳಿದ್ದರೆ, ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಇದನ್ನೊಮ್ಮೆ ಓದಿ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತಲ್ಲ, ಹಳೆಯದು ಕೊಟ್ಟು ಹೊಸದು ತರುವ ಮಾತು ಈಗ ಎಲ್ಲರ ಮನೆಯಲ್ಲೂ ನಡೆಯುತ್ತಿದೆ.

ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು, ತಾಳಮದ್ದಳೆಯ ಹುಚ್ಚು ಬೇರೆ. ಅರ್ಥಗಾರಿಕೆಗೆ ಮಾಡಿಕೊಂಡ ಟಿಪ್ಪಣಿ, ಊರ ಸಂಘದ ನಡಾವಳಿ, ಮನೆತನದ ವಂಶವೃಕ್ಷ ಎಲ್ಲವೂ ನುಡಿಯಲ್ಲಿ ಒಂದೊಂದೇ ಕೀಲಿ ಹುಡುಕಿ ಕುಟ್ಟಿದ್ದು. ಹೊಸ ಕಂಪ್ಯೂಟರ್ ತಗೊಂಡ ಅಂಗಡಿಯವರೇ “ಡೇಟಾ ಎಲ್ಲಾ ಕಾಪಿ ಮಾಡಿ ಕೊಡ್ತೀವಿ ಸರ್, ಟೆನ್ಷನ್ ಬೇಡ” ಅಂದು ಹಳೆಯದನ್ನು ಎತ್ತಿಕೊಂಡು ಹೋದರು. ಸಂಜೆ ಫೋನ್ ಬಂತು. “ಸರ್, ಈ ಫೋಲ್ಡರ್‌ನಲ್ಲಿರೋದೆಲ್ಲ ವೈರಸ್ ಬಂದು ಕರಪ್ಟ್ ಆಗಿದೆ. ಹೊಸದಕ್ಕೂ ಹರಡತ್ತೆ. ತೆಗೆದುಬಿಡ್ಲಾ?” ವೈರಸ್ ಅಂದ ಕೂಡಲೇ ಅಪ್ಪ ಹೆದರಿ, “ಹಂಗಾದ್ರೆ ತೆಗೀಪ್ಪ” ಅಂದರಂತೆ.

ಅಲ್ಲಿ ಯಾವ ವೈರಸ್ಸೂ ಇರಲಿಲ್ಲ. ನುಡಿ, ಬರಹದ ಹಳೆ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂರಿಸಿರುತ್ತಾರೆ. ಫೈಲಿನೊಳಗೆ ಇರುವುದು ಆ ಅಕ್ಷರಗಳ ಸಂಕೇತಗಳೇ, ಅವನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ, ನುಡಿಯಲ್ಲಿ ‘ಕನ್ನಡ’ ಎಂದು ಬರೆದದ್ದು ಹೀಗೆ ಕಾಣುತ್ತದೆ: ಮೊದಲು ಇಂಗ್ಲಿಷಿನ ಪಿ, ಆಮೇಲೆ ತಲೆಯ ಮೇಲೆ ಓರೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ವಿಚಿತ್ರ ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಎ. ಪುಟದ ತುಂಬ ಇದೇ ಇದ್ದರೆ ಯಾರಿಗಾದರೂ ಕೆಟ್ಟ ಫೈಲ್ ಅನ್ನಿಸಬಹುದು. ಆದರೆ ಕರ್ನಾಟಕದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವರಿಗೂ ಇದು ಗೊತ್ತಿಲ್ಲ ಅಂದರೆ ಏನು ಹೇಳುವುದು! ಸರ್ಕಾರಿ ಕಚೇರಿಗಳಲ್ಲಿ ವರ್ಷಗಟ್ಟಲೆ ನಡೆದದ್ದೇ ನುಡಿಯಲ್ಲಿ.

ಅಂಥ ಫೈಲ್ ಸಿಕ್ಕರೆ ಮಾಡಬೇಕಾದ್ದು ಇಷ್ಟೇ. ಹಳೆ ಯಂತ್ರದ ಸಿ ಡ್ರೈವ್‌ನಲ್ಲಿ ವಿಂಡೋಸ್ ಫೋಲ್ಡರ್ ಒಳಗೆ ಫಾಂಟ್ಸ್ ಅಂತ ಇರುತ್ತದೆ. ಅಲ್ಲಿಂದ ನುಡಿ, ಬಿಆರ್‌ಎಚ್ (ಬರಹದ ಫಾಂಟ್‌ಗಳು) ಹೆಸರಿನವನ್ನೆಲ್ಲ ತಂದು ಹೊಸದರಲ್ಲಿ ಇನ್‌ಸ್ಟಾಲ್ ಮಾಡಿದರೆ ವರ್ಡ್ ಫೈಲ್ ಮೊದಲಿನಂತೆಯೇ ತೆರೆದುಕೊಳ್ಳುತ್ತದೆ. ಯೂನಿಕೋಡ್‌ಗೆ, ಅಂದರೆ ಕನ್ನಡಕ್ಕೇ ಪ್ರತ್ಯೇಕ ಸಂಕೇತಗಳಿರುವ ಈಗಿನ ಪದ್ಧತಿಗೆ, ಬದಲಾಯಿಸುವ ಕೆಲಸ ಆಮೇಲಿನದು, ಅದೂ ಒಂದು ಪ್ರತಿಯ ಮೇಲೆ ಮಾತ್ರ. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಕನ್ವರ್ಟರ್ ಅವನ್ನೂ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಡುತ್ತದೆ, ಹಾಗಾಗಿ ಮೂಲ ಫೈಲ್ ಅಳಿಸಬೇಡಿ. ಅರ್ಕಾವತ್ತು ಇರುವ ಪದಗಳನ್ನೂ ಒಮ್ಮೆ ಕಣ್ಣಾಡಿಸಿ.

ಅಂಗಡಿಯವರ ಎರಡನೇ ಘನಕಾರ್ಯ: ಡಿ ಡ್ರೈವ್ ಮಾತ್ರ ಕಾಪಿ ಮಾಡಿ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದ್ದು. “ಸಿ ಒಳಗೆ ವಿಂಡೋಸ್ ಮಾತ್ರ ಇರತ್ತೆ ಸರ್” ಅನ್ನುವ ಉತ್ತರ ಬೇರೆ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು, ಮೈ ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟದ್ದು, ನಾವಾಗಿ ಜಾಗ ಬದಲಿಸದಿದ್ದರೆ, ಎಲ್ಲ ಇರುವುದು ಸಿ ಡ್ರೈವ್‌ನಲ್ಲೇ. ಎಕ್ಸ್‌ಪಿಯಲ್ಲಿ ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್ ಒಳಗೆ, ಸೆವೆನ್‌ನಿಂದೀಚೆಗೆ ಯೂಸರ್ಸ್ ಒಳಗೆ. ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಹಳೆ ಮೇಲ್‌ಗಳಂತೂ ಹಿಡನ್ ಫೋಲ್ಡರ್‌ನಲ್ಲಿರುತ್ತವೆ, ಹುಡುಕಿಕೊಂಡು ಹೋಗದಿದ್ದರೆ ಕಣ್ಣಿಗೇ ಬೀಳುವುದಿಲ್ಲ.

ಅಳಿಸಿದ ಫೈಲ್ ಹಳೆ ಹಾರ್ಡ್ ಡಿಸ್ಕ್‌ನಿಂದ ಕೂಡಲೇ ಮಾಯವಾಗುವುದಿಲ್ಲ. ಆ ಜಾಗದ ಮೇಲೆ ಬೇರೆ ಏನಾದರೂ ಬರೆದಾಗಲೇ ಹೋಗುವುದು. ನಾವು ಓಡಿ ಹೋಗುವಷ್ಟರಲ್ಲಿ, ಬೇರೆಯವರಿಗೆ ಮಾರಲೆಂದು ಅದರ ಮೇಲೆ ಹೊಸದಾಗಿ ವಿಂಡೋಸ್ ಹಾಕಿಯಾಗಿತ್ತು. ಜಗಳವಾಡಿ ಡಿಸ್ಕ್ ಬಿಡಿಸಿಕೊಂಡು ಬಂದು ರಿಕವರಿ ಮಾಡುವವರಿಗೆ ಕೊಟ್ಟೆವು. ಸ್ವಲ್ಪ ಸಿಕ್ಕಿತು, ಆದರೆ ಹೆಸರಿಲ್ಲ, ಫೋಲ್ಡರ್ ಇಲ್ಲ, ಬರೀ ಅಂಕಿಗಳ ಸಾಲು. ಯಾವುದು ಕರ್ಣಾರ್ಜುನ, ಯಾವುದು ಸಂಘದ ಲೆಕ್ಕ ಅಂತ ಒಂದೊಂದೇ ತೆರೆದು ನೋಡಬೇಕು. ಈಗಿನ ಚಿಪ್ ಮಾದರಿಯ ಡಿಸ್ಕ್, ಎಸ್‌ಎಸ್‌ಡಿ, ಆಗಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ, ಅದರಲ್ಲಿ ಅಳಿಸಿದ್ದು ಸಾಮಾನ್ಯವಾಗಿ ಬೇಗನೇ ಪೂರ್ತಿ ಹೋಗುತ್ತದೆ.

ಆದ್ದರಿಂದ ಕಂಪ್ಯೂಟರ್ ಬೇಕಾದರೆ ಕೊಡಿ, ಹಾರ್ಡ್ ಡಿಸ್ಕ್ ಬಿಚ್ಚಿಸಿ ಮನೆಯಲ್ಲೇ ಇಟ್ಟುಕೊಳ್ಳಿ. ಎಕ್ಸ್‌ಚೇಂಜ್‌ನಲ್ಲಿ ಅದಕ್ಕೆ ಬರುವ ದುಡ್ಡು ಅಷ್ಟರಲ್ಲೇ ಇದೆ. ಅದನ್ನು ಹೊಸ ಕಂಪ್ಯೂಟರ್‌ಗೆ ಜೋಡಿಸಲು ಯುಎಸ್‌ಬಿ ಕನ್ವರ್ಟರ್ ಕೊಳ್ಳುವಾಗ ಡಿಸ್ಕಿನ ಹಿಂಭಾಗ ನೋಡಿ. ಅಗಲವಾಗಿ 40 ಪಿನ್ ಇದ್ದರೆ ಅದು ಐಡಿಇ ಅನ್ನುವ ಹಳೆ ಬಗೆ, ಅದಕ್ಕಿಂತ ಈಚಿನ ಸಾಟಾ ಬಗೆಯ ಕನ್ವರ್ಟರ್ ಮಾತ್ರ ತಂದರೆ ಹಿಡಿಸುವುದಿಲ್ಲ. ಡೆಸ್ಕ್‌ಟಾಪ್‌ನ 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಕೂಡ ಬೇಕು, ಪವರ್ ಅಡಾಪ್ಟರ್ ಜೊತೆಗೆ ಬರುವಂಥದ್ದನ್ನೇ ಕೇಳಿ. ಪುಟವಿನ್ಯಾಸದ ಹಳೆ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ಮಾಡಿದ ಸ್ಮರಣ ಸಂಚಿಕೆ, ಲಗ್ನಪತ್ರಿಕೆ ಇದ್ದರೆ ಹಳೆ ಯಂತ್ರ ಓಡುತ್ತಿರುವಾಗಲೇ ಪಿಡಿಎಫ್ ಮಾಡಿಸಿಕೊಳ್ಳಿ, ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನ ಈಗಿನ ಆವೃತ್ತಿ ಆ ಫೈಲ್‌ಗಳನ್ನು ತೆರೆಯುವುದಿಲ್ಲ.