‘ಆಂಪ್‌ನಲ್ಲೇ ಫ್ಯೂಸ್ ಇದೆಯಲ್ಲ’ ಎನ್ನುವವರ ಕೈಗೆ ಕಾರು ಕೊಡಬೇಡಿ

ಕಾರಿಗೆ ಸಬ್‌ವೂಫರ್ (ಬೇಸ್ ಶಬ್ದದ ದೊಡ್ಡ ಸ್ಪೀಕರ್), ಅದನ್ನು ನುಡಿಸುವ ಆಂಪ್ (ಆಂಪ್ಲಿಫೈಯರ್) ಹಾಕಿಸಬೇಕು ಅಂತ ಹೊರಟವರು ಇದನ್ನೊಮ್ಮೆ ಓದಿಕೊಂಡು ಹೋಗಿ. ಫಿಟ್ಟಿಂಗ್ ಮಾಡುವವರು "ಆಂಪ್‌ನಲ್ಲೇ ಫ್ಯೂಸ್ ಇದೆಯಲ್ಲ ಸರ್, ಬ್ಯಾಟರಿ ಹತ್ರ ಇನ್ನೊಂದು ಯಾಕೆ?" ಅಂದರೆ ಅಲ್ಲಿಗೇ ಕೆಲಸ ನಿಲ್ಲಿಸಿ, ಕೀ ಇಸ್ಕೊಂಡು ವಾಪಸ್ ಬನ್ನಿ. ನನಗೆ ಈ ಮಾತು ಹೇಳಿದವರು ಮಾಡಿಕೊಟ್ಟ ವೈರಿಂಗ್‌ನಿಂದಾಗಿ ಡ್ಯಾಶ್‌ಬೋರ್ಡ್ ಕೆಳಗಿಂದ ಹೊಗೆ ಎದ್ದಿತು, ಅದೂ ಮನೆಯವರೆಲ್ಲ ಒಳಗೆ ಕೂತಿದ್ದಾಗ. ಅಂಗಡಿಯ ಹೆಸರು ಬರೆಯುವುದಿಲ್ಲ. ಇಂಥ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ ಎಂದು ಆಮೇಲೆ ಗೊತ್ತಾಯಿತು.

ಆಂಪ್ ಮೇಲಿನ ಫ್ಯೂಸ್ ಕಾಯುವುದು ಆಂಪನ್ನು ಮಾತ್ರ. ಬ್ಯಾಟರಿಯಿಂದ ಹೊರಟ ಕೆಂಪು ವೈರು ಬಾನೆಟ್ ಒಳಗಿಂದ ತಗಡಿನ ಗೋಡೆ ದಾಟಿ, ಕಾರ್ಪೆಟ್ ಕೆಳಗೆ ಹಾದು ಡಿಕ್ಕಿಯವರೆಗೆ ಬರುತ್ತದಲ್ಲ, ಅಷ್ಟುದ್ದದ ವೈರಿಗೆ ಆ ಫ್ಯೂಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಾರಿನ ಬಾಡಿಯೆಲ್ಲ ಮೈನಸ್. ದಾರಿಯಲ್ಲಿ ಎಲ್ಲಾದರೂ ಕೆಂಪು ವೈರಿನ ತಾಮ್ರ ತಗಡಿಗೆ ತಾಗಿದರೆ ಬ್ಯಾಟರಿ ತನ್ನಲ್ಲಿರುವಷ್ಟನ್ನೂ, ಅಂದರೆ ನೂರಾರು ಆಂಪಿಯರ್ ಕರೆಂಟನ್ನು, ಆ ಒಂದು ಜಾಗಕ್ಕೆ ಸುರಿಯುತ್ತದೆ. 12 ವೋಲ್ಟ್ ತಾನೇ, ಏನಾಗುತ್ತೆ ಅನ್ನಬೇಡಿ. ಅದು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಆದರೆ ವೈರನ್ನು ಕೆಂಡ ಮಾಡುತ್ತದೆ. ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದರೂ ಪ್ರಯೋಜನವಿಲ್ಲ, ಏಕೆಂದರೆ ಈ ವೈರು ಕೀಯನ್ನು ಕೇಳಿಕೊಂಡು ಬರುವುದಿಲ್ಲ. ಅದಕ್ಕೇ ಬ್ಯಾಟರಿಯ ಪ್ಲಸ್‌ನಿಂದ 18 ಇಂಚು, ಅಂದರೆ ಸುಮಾರು 45 ಸೆಂಟಿಮೀಟರ್ ಒಳಗೆ ಒಂದು ಫ್ಯೂಸ್ ಇರಲೇಬೇಕು ಅನ್ನುವುದು ಈ ಕೆಲಸ ಬಲ್ಲವರೆಲ್ಲ ಒಪ್ಪುವ ಲೆಕ್ಕ.

ನನ್ನ ಕಾರಿನಲ್ಲಿ ಆದದ್ದೂ ಅದೇ. ಮೊದಲು ಸುಟ್ಟ ಪ್ಲಾಸ್ಟಿಕ್ ವಾಸನೆ. ಮುಂದಿನ ಗಾಡಿಯ ಹೊಗೆಯಿರಬೇಕು ಅಂತ ಗಾಜು ಏರಿಸಿದೆವು, ವಾಸನೆ ಇನ್ನೂ ಜಾಸ್ತಿಯಾಯಿತು. ಆಮೇಲೆ ಪಕ್ಕದ ಸೀಟಿನ ಕಾಲಿನ ಹತ್ತಿರದಿಂದ ಬಿಳಿ ಹೊಗೆ. ಗಾಡಿ ಬದಿಗೆ ಹಾಕಿ, ಎಲ್ಲರನ್ನೂ ಇಳಿಸಿ, ಕೀ ತೆಗೆದರೂ ಹೊಗೆ ನಿಲ್ಲಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಕೆಂಪು ವೈರಿನ ಹೊದಿಕೆ ಮೆತ್ತಗಾಗಿ ಜೋತು ಬಿದ್ದಿತ್ತು. ತಮಾಷೆ ಎಂದರೆ ಅವರ ಅಡ್ಡಾದಿಡ್ಡಿ ಕೆಲಸವೇ ನಮ್ಮನ್ನು ಉಳಿಸಿತು. ವೈರಿನ ತುದಿಗೆ ಲಗ್ (ಲೋಹದ ಬಳೆ) ಹಾಕಿ ಕ್ರಿಂಪ್ ಮಾಡದೆ, ಅಂದರೆ ಒತ್ತಿ ಬಿಗಿಯದೆ, ಎಳೆಗಳನ್ನು ಹಾಗೇ ತಿರುಚಿ ಕ್ಲ್ಯಾಂಪಿನ ಬೋಲ್ಟ್ ಕೆಳಗೆ ತುರುಕಿದ್ದರು. ಸೀಟಿನ ಮೇಲಿದ್ದ ದಪ್ಪ ಟವೆಲ್ ಸುತ್ತಿ ಎಳೆದೆ, ಕಿತ್ತು ಬಂತು. ಸರಿಯಾಗಿ ಬಿಗಿದಿದ್ದರೆ ಸ್ಪ್ಯಾನರ್ ಹುಡುಕುವಷ್ಟರಲ್ಲಿ ಕಾರು ಇರುತ್ತಿರಲಿಲ್ಲ.

ಮರುದಿನ ಗೊತ್ತಿದ್ದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಎಲ್ಲ ಬಿಚ್ಚಿ ತೋರಿಸಿದರು. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿಗೆ ಡ್ರಿಲ್‌ನಲ್ಲಿ ತೂತು ಕೊರೆದು ವೈರನ್ನು ಹಾಗೇ ದಾಟಿಸಿದ್ದರು. ತೂತಿನ ಅಂಚು ಉಜ್ಜಿಲ್ಲ, ಅಂಚಿಗೆ ವೈರು ಉಜ್ಜದಂತೆ ಹಾಕುವ ರಬ್ಬರ್ ಬಳೆ, ಅಂದರೆ ಗ್ರೊಮೆಟ್, ಇಲ್ಲ. ಬೆರಳಾಡಿಸಿ ನೋಡಿದೆ, ಬ್ಲೇಡಿನಂತೆ ಚುಚ್ಚಿತು. ಗಾಡಿ ಕುಲುಕಿದಾಗಲೆಲ್ಲ ಆ ಅಂಚು ವೈರನ್ನು ಸವೆಸುತ್ತಾ ಸವೆಸುತ್ತಾ ತಾಮ್ರ ಮುಟ್ಟಿದೆ. "ಗ್ರೊಮೆಟ್ ಹಾಕಿದ್ರೆ ಇದು ಆಗ್ತಿರಲಿಲ್ಲ. ಫ್ಯೂಸ್ ಹಾಕಿದ್ರೆ, ಆದ್ರೂ ನಿಮಗೆ ಗೊತ್ತಾಗ್ತಿರಲಿಲ್ಲ, ಹಾಡು ನಿಂತು ಹೋಗ್ತಿತ್ತು ಅಷ್ಟೇ," ಅಂದರು ಅವರು.

ತಾಮ್ರ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಎಲೆಕ್ಟ್ರಿಷಿಯನ್ ಒಂದು ಎಳೆಯನ್ನು ಚಾಕುವಿನಿಂದ ಕೆರೆದಾಗ ಮೇಲಿನ ಕೆಂಪು ಬಣ್ಣ ಹೋಗಿ ಒಳಗೆ ಬೆಳ್ಳಗೆ ಹೊಳೆಯಿತು. ಅಲ್ಯೂಮಿನಿಯಂ ಮೇಲೆ ತೆಳುವಾಗಿ ತಾಮ್ರ ಹೊದಿಸಿದ ವೈರು, ಸಿಸಿಎ ಅಂತಾರೆ. ಅಲ್ಯೂಮಿನಿಯಂ ಕರೆಂಟ್ ಸಾಗಿಸುವುದು ತಾಮ್ರದ ಶೇಕಡಾ 60ರ ಆಸುಪಾಸು ಮಾತ್ರ. ಸಿಸಿಎ ಹಾಕಬಾರದು ಅಂತೇನಿಲ್ಲ, ಆದರೆ ಹಾಕುವುದಾದರೆ ಒಂದು ಸೈಜ್ ದಪ್ಪದ್ದು ಹಾಕಬೇಕು, ಮತ್ತು ಮಾರುವಾಗ ಅದನ್ನು ಹೇಳಬೇಕು. ನಮ್ಮದು ಹೊರಗಿಂದ ನೋಡಲು ಬೆರಳು ಗಾತ್ರ. ಕತ್ತರಿಸಿದರೆ ಮುಕ್ಕಾಲು ಪಾಲು ಪ್ಲಾಸ್ಟಿಕ್ಕೇ. ಒಂದು ಮಾತು: ತವರ ಬಳಿದ ಒಳ್ಳೆಯ ತಾಮ್ರದ ವೈರೂ ಹೊರಗೆ ಬೆಳ್ಳಗಿರುತ್ತದೆ, ಆದರೆ ಕೆರೆದರೆ ಒಳಗೆ ಕೆಂಪು. ಇದು ಅದರ ಉಲ್ಟಾ.

ಹೊಗೆ ಬರುವ ಮೊದಲೇ ಒಂದು ಸೂಚನೆ ಸಿಕ್ಕಿತ್ತು, ಅದನ್ನು ಫಿಟ್ಟರ್ ಮುಚ್ಚಿ ಹಾಕಿದರು. ವಾಲ್ಯೂಮ್ ಸ್ವಲ್ಪ ಏರಿಸಿದರೆ ಸಾಕು, ಆಂಪ್ ಕೈ ಇಡಲಾಗದಷ್ಟು ಕಾದು, ಪ್ರೊಟೆಕ್ಟ್ ಅಂತ ಕೆಂಪು ದೀಪ ಹತ್ತಿ, ಬೇಸ್ ನಿಂತು ಹೋಗುತ್ತಿತ್ತು. ತೋರಿಸಲು ಹೋದರೆ "ಹೊಸದಲ್ವಾ ಸರ್, ಸೆಟ್ ಆಗುತ್ತೆ" ಅಂದರು. ಫ್ಯೂಸ್ ಹೋದಾಗ ಆಂಪ್ ಮೇಲಿದ್ದ 25 ಆಂಪಿಯರ್‌ನ ಎರಡನ್ನೂ ತೆಗೆದು 40ರದ್ದು ಸಿಕ್ಕಿಸಿ ಕಳಿಸಿದರು. ಫ್ಯೂಸ್ ಸುಟ್ಟರೆ ಯಾಕೆ ಸುಟ್ಟಿತು ಅಂತ ನೋಡಬೇಕೇ ಹೊರತು, ಸುಡದ ಫ್ಯೂಸ್ ಹಾಕುವುದಲ್ಲ.

ಆಂಪ್ ಕಾಯುತ್ತಿದ್ದುದಕ್ಕೆ ಅಸಲಿ ಕಾರಣ ಓಮ್ ಲೆಕ್ಕ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ (ಲೋಡ್) ಅಳತೆ, ಅದು ಕಡಿಮೆಯಾದಷ್ಟೂ ಆಂಪ್ ಹೆಚ್ಚು ಕರೆಂಟ್ ಕೊಡಬೇಕಾಗುತ್ತದೆ. ನಮ್ಮ ಆಂಪ್ ಎರಡು ಚಾನೆಲ್‌ನದು (ಎರಡು ಔಟ್‌ಪುಟ್), ಎರಡನ್ನೂ ಸೇರಿಸಿ ಒಂದೇ ಸ್ಪೀಕರ್‌ಗೆ ಕೊಟ್ಟರೆ, ಅಂದರೆ ಬ್ರಿಡ್ಜ್ ಮಾಡಿದರೆ, ಕನಿಷ್ಠ 4 ಓಮ್ ಲೋಡ್ ಬೇಕು ಎಂದು ಅದರ ತಳದಲ್ಲೇ ಅಚ್ಚಾಗಿದೆ. ಸಬ್‌ವೂಫರ್‌ನಲ್ಲಿ ಎರಡು ವಾಯ್ಸ್ ಕಾಯಿಲ್ (ಸ್ಪೀಕರನ್ನು ಅಲುಗಿಸುವ ತಂತಿ ಸುರುಳಿ), ಒಂದೊಂದೂ 4 ಓಮ್. ಅವೆರಡನ್ನು ಪ್ಯಾರಲಲ್ ಜೋಡಿಸಿದರೆ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್, ಲೋಡ್ 2 ಓಮ್ ಆಗುತ್ತದೆ. ಸೀರೀಸ್‌ನಲ್ಲಿ, ಒಂದರ ಮೈನಸ್ಸನ್ನು ಇನ್ನೊಂದರ ಪ್ಲಸ್‌ಗೆ ಕೊಟ್ಟರೆ, 8 ಓಮ್. ಈ ಸಬ್‌ನಲ್ಲಿ ಏನು ಮಾಡಿದರೂ ಒಟ್ಟು ಲೋಡ್ 4 ಬರುವುದೇ ಇಲ್ಲ! ಅವರು 2 ಓಮ್‌ಗೆ ಜೋಡಿಸಿ ಬ್ರಿಡ್ಜ್ ಮಾಡಿದ್ದರು. ಬ್ರಿಡ್ಜ್‌ನಲ್ಲಿ ಒಂದೊಂದು ಚಾನೆಲ್‌ಗೂ ಕಾಣುವುದು ಅದರ ಅರ್ಧ, ಅಂದರೆ 1 ಓಮ್. ಆಂಪ್ ಪಾಪ ಇನ್ನೇನು ಮಾಡೀತು.

ಸರಿಯಾದ ದಾರಿ ಇರಲಿಲ್ಲ ಅಂತಲ್ಲ. 8 ಓಮ್‌ಗೆ ಜೋಡಿಸಿ ಬ್ರಿಡ್ಜ್ ಮಾಡಬಹುದಿತ್ತು, ಪವರ್ ಕಡಿಮೆ ಬಂದರೂ ತಣ್ಣಗೆ ನಡೆಯುತ್ತಿತ್ತು. ಅಥವಾ ಬ್ರಿಡ್ಜ್ ಮಾಡದೆ ಒಂದು ಕಾಯಿಲ್ ಒಂದು ಚಾನೆಲ್‌ಗೆ, ಇನ್ನೊಂದು ಇನ್ನೊಂದಕ್ಕೆ ಕೊಟ್ಟು, ಎರಡಕ್ಕೂ ಒಂದೇ ಸಿಗ್ನಲ್, ಒಂದೇ ಗೇನ್ ಇಡಬಹುದಿತ್ತು. ಇನ್ನೂ ಒಳ್ಳೆಯದೆಂದರೆ ಮಾರುವಾಗಲೇ ಎರಡು 2 ಓಮ್ ಕಾಯಿಲ್ ಇರುವ ಸಬ್ ಕೊಡುವುದು. ಅದನ್ನು ಸೀರೀಸ್ ಮಾಡಿದರೆ ನೇರ 4 ಓಮ್. ಎರಡೂ ಮಾಲು ಅವರ ಅಂಗಡಿಯದ್ದೇ ಅನ್ನುವುದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸ್ಟೀರಿಯೊ ಜೊತೆ ಆಂಪನ್ನೂ ಆನ್-ಆಫ್ ಮಾಡುವ ರಿಮೋಟ್ ವೈರನ್ನು ಸ್ಟೀರಿಯೊದಿಂದ ತರುವ ಬದಲು ಆಂಪ್‌ನಲ್ಲೇ ಪ್ಲಸ್‌ಗೆ ಒಂದು ತುಂಡು ವೈರಿನಿಂದ ಸೇರಿಸಿದ್ದರು. ಹಾಗಾಗಿ ಆಂಪ್ ಯಾವತ್ತೂ ಆಫ್ ಆಗುತ್ತಿರಲಿಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬ್ಯಾಟರಿ ಮುಲುಗುತ್ತಿತ್ತು. ಗ್ರೌಂಡನ್ನು, ಅಂದರೆ ಆಂಪ್‌ನ ಮೈನಸ್ ವೈರನ್ನು, ಸೀಟ್ ಬೆಲ್ಟ್ ಬೋಲ್ಟಿಗೆ ಕಟ್ಟಿದ್ದರು, ಅದೂ ಪೇಂಟ್ ಕೆರೆಯದೆ. ಜೀವ ಕಾಯುವ ಬೋಲ್ಟನ್ನು ಇಂಥದ್ದಕ್ಕೆ ಬಿಚ್ಚಲೇಬಾರದು. ಗೇನ್ ಮತ್ತು ಬೇಸ್ ಬೂಸ್ಟ್ ಎರಡೂ ಕೊನೆಯವರೆಗೆ. ಗೇನ್ ಅನ್ನುವುದು ವಾಲ್ಯೂಮ್ ಅಲ್ಲ, ಸ್ಟೀರಿಯೊದ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು. ಅತಿಯಾದರೆ ಶಬ್ದ ಒಡೆಯುತ್ತದೆ, ಕಾಯಿಲ್ ಸುಡುತ್ತದೆ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟಾಗ ಒಂದು ಕಾಯಿಲ್ 3.6 ತೋರಿಸಿತು. 4 ಓಮ್ ಕಾಯಿಲ್ ಮೀಟರಿನಲ್ಲಿ ಸ್ವಲ್ಪ ಕಡಿಮೆಯೇ ತೋರುವುದು, ಅದು ಸರಿ. ಇನ್ನೊಂದು ಏನೂ ತೋರಿಸಲಿಲ್ಲ, ಸುಟ್ಟು ಹೋಗಿತ್ತು.

ಅಂಗಡಿಗೆ ಸುಟ್ಟ ವೈರು ಹಿಡಿದುಕೊಂಡು ಹೋದಾಗ ಸಿಕ್ಕ ಉತ್ತರ: "ಇಷ್ಟು ದಿನ ಚೆನ್ನಾಗೇ ಹಾಡ್ತಿತ್ತಲ್ಲ ಸರ್." ಹೌದು, ಹಾಡುತ್ತಿತ್ತು. ಫ್ಯೂಸ್ ಇಲ್ಲದಿದ್ದರೂ ಹಾಡುತ್ತದೆ, ಗ್ರೊಮೆಟ್ ಇಲ್ಲದಿದ್ದರೂ ಹಾಡುತ್ತದೆ. ಹಾಡು ಕೇಳಿ ವೈರಿಂಗ್ ಸರಿಯಿದೆ ಅಂತ ಹೇಳಲು ಬರುವುದಿಲ್ಲ. ಆದ್ದರಿಂದ ಕಾರ್ಪೆಟ್, ಪ್ಯಾನೆಲ್ ಮುಚ್ಚುವ ಮೊದಲು ನೀವು ಅಲ್ಲಿರಿ. ಬ್ಯಾಟರಿ ಪಕ್ಕದ ಫ್ಯೂಸ್ ತೋರಿಸಲು ಹೇಳಿ, ಅದರ ಅಳತೆ ವೈರಿಗೆ ತಕ್ಕಂತಿದೆಯಾ ಕೇಳಿ. ಅಪ್ಪಟ ತಾಮ್ರದ 8 ಗೇಜ್ ವೈರಿಗೆ ಸಾಮಾನ್ಯವಾಗಿ 50–60 ಆಂಪಿಯರ್ ಫ್ಯೂಸ್ ಹಾಕುತ್ತಾರೆ. ಗೇಜ್ ನಂಬರ್ ಚಿಕ್ಕದಾದಷ್ಟೂ ವೈರು ದಪ್ಪ ಅನ್ನುವುದು ನೆನಪಿರಲಿ, 4 ಗೇಜ್ 8ಕ್ಕಿಂತ ದಪ್ಪ. ತಗಡು ದಾಟುವ ಜಾಗದಲ್ಲಿ ರಬ್ಬರ್ ಇದೆಯಾ ಅಂತ ಕೈ ಹಾಕಿ ನೋಡಿ. ಸಬ್‌ನ ವೈರನ್ನು ಆಂಪ್‌ಗೆ ಸಿಕ್ಕಿಸುವ ಮೊದಲು ಅದರ ತುದಿಗಳಿಗೆ ಮೀಟರ್ ಹಿಡಿಸಿ ಎಷ್ಟು ಓಮ್ ಬರುತ್ತೆ ನೋಡಿ, ಆಂಪ್ ಮೇಲೆ ಬರೆದ ಕನಿಷ್ಠದ ಜೊತೆ ತಾಳೆ ಹಾಕಿ. ಇಷ್ಟು ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಬೇರೆ ಅಂಗಡಿ ನೋಡಿಕೊಳ್ಳಿ.

ಈಗಾಗಲೇ ಹಾಕಿಸಿಕೊಂಡವರು ಇವತ್ತೇ ಬಾನೆಟ್ ಎತ್ತಿ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ಆಂಪ್ ವೈರನ್ನು ಕಣ್ಣಲ್ಲೇ ಹಿಂಬಾಲಿಸಿ. ಒಂದು ಮೊಳದೊಳಗೆ ಫ್ಯೂಸ್ ಹೋಲ್ಡರ್ ಕಾಣದಿದ್ದರೆ ಗಾಡಿ ಓಡಿಸಬೇಡಿ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಆಮೇಲೆ ಆ ಕೆಂಪು ವೈರನ್ನು ಪ್ಲಸ್‌ನಿಂದ ತೆಗೆದು ತುದಿಗೆ ಟೇಪ್ ಸುತ್ತಿ ಪಕ್ಕಕ್ಕೆ ಕಟ್ಟಿ, ಮೈನಸ್ ವಾಪಸ್ ಹಾಕಿ. ಗಡಿಯಾರ, ಸ್ಟೀರಿಯೊ ಸೆಟ್ಟಿಂಗ್ ಮತ್ತೆ ಹೊಂದಿಸಬೇಕಾಗಬಹುದು. ಕೆಲವು ಸ್ಟೀರಿಯೊಗಳು ಕೋಡ್ ಕೇಳುತ್ತವೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.